ಅಕ್ಕೋರನ್ನ ಕೇಳ್ರಿ: ಈ ಸಲ ಬರೇ ಇಲಿ ಪುರಾಣ

ಈ ತಿಂಗಳ ಬಂದ ಪತ್ರದಾಗ ಅರ್ಧಕ್ಕರ್ಧ ಇಲಿ ಬಗ್ಗೆನ ಅದಾವ. ಬರೂ ಹೊತ್ತೂ ಹೌದು ಬಿಡ್ರಿ, ಬಿಳಿಜೋಳದ ಸುಗ್ಗಿ ಮುಗೀತು, ಕಬ್ಬು ಕಡದಾತು, ಹೊಲ ಬೋಳ ಆದ್ವು, ಅಲ್ಲಿದ್ದ ಕಾಳು ಚೀಲ ಸೇರಿ ಮನಿಗೆ ಬಂತು, ಕಾಳಿನ ಬೆನ್ನ ಹತ್ತಿ ಅವೂ ಬಂದ್ವು. ಹಂಗಾಗಿ ಈ ಸಲ ಬಿಪಿ, ಸೊಸಿ-ಅತ್ತಿ ಜಗಳ, ಮಕ್ಕಳ ಮೊಬೈಲ್ ಎಲ್ಲಾ ಬದಿಗಿಟ್ಟು ಇಲಿ ಒಂದನ್ನ ಹಿಡಕೊಂಡೀನಿ. ಅತ್ತಿ ಜಗಳ ಪೂರಾ ಬಿಟ್ಟಿಲ್ಲ, ಮೊದಲನೇ ಪತ್ರ ಓದ್ರಿ ಗೊತ್ತಾಗ್ತೈತಿ.

ನಮಸ್ಕಾರ್ರೀ ಅಕ್ಕೋರ. ಹಳೇ ಜಂತಿ ಮನ್ಯಾಗ ಬಾಡಿಗಿ ಅದೀವಿ, ನಾವಿಬ್ರು, ಅತ್ತಿ, ಎರಡು ವರ್ಷದ ಕೂಸು. ಹದಿನೈದು ದಿನದಿಂದ ಒಂದು ಸಣ್ಣ ಇಲಿ ಬಂದೈತಿ, ರಾತ್ರಿ ಲೈಟ್ ಆರಿಸಿದ ಕೂಡ್ಲೆ ಕಪಾಟಿನ ಹಿಂದ ಕರಕರ ಸುರು. ಮೊನ್ನೆ ನನ್ನ ಕುಬಸದ ಇಳಕಲ್ ಸೀರಿ ಸೆರಗು ಕಡದು ಹಾಕೈತಿ, ಅತ್ತಬಿಟ್ಟೆ ನೋಡ್ರಿ. ನಮ್ಮವ್ರು ಇಲಿ ಪಾಷಾಣದ ಕೇಕ್ ತಂದಿಟ್ರು, ಅತ್ತಿ ಗಣಪ್ಪನ ವಾಹನ ಕೊಂದ್ರ ಮನಿಗೆ ಒಳ್ಳೇದಲ್ಲ ಅಂತ ಅದನ್ನ ಒಯ್ದು ತಿಪ್ಪಿಗೆ ಒಗದ್ರು. ಈಗ ತಾಯಿ ಮಗಂದು ಮಾತು ಬಂದ್. ನಾ ಯಾರ ಕಡೆ ಆಗ್ಲಿ?
— ಒಬ್ಬ ಸೊಸಿ, ಜಮಖಂಡಿ

ತಂಗೀ, ಈ ಪತ್ರಿಕಿ ಕೆಳಗಿಟ್ಟು ಮೊದ್ಲ ತಿಪ್ಪಿಗೆ ಹೋಗು. ಆ ಕೇಕ್ ಹುಡುಕಿ, ಕೈಗೆ ಪ್ಲಾಸ್ಟಿಕ್ ಚೀಲ ಹಾಕ್ಕೊಂಡು ತಗೊಂಡು, ನಾಯಿ ಕೋಳಿ ಕೆದರಲಾರದಂಗ ಆಳಕ್ಕ ಹುಗುದು ಬಾ. ಉಳದದ್ದು ಆಮ್ಯಾಲೆ ಮಾತಾಡೂಣು.

ಬಂದ್ಯಾ? ಈಗ ಕೇಳು. ವಿಷದ ವಿಷಯದಾಗ ನಾ ನಿಮ್ಮ ಅತ್ತಿ ಕಡೆ, ಕಾರಣ ಮಾತ್ರ ಬ್ಯಾರೆ. ಎರಡು ವರ್ಷದ ಕೂಸು ಅಂದ್ರ ನೆಲದ ಮ್ಯಾಲೆ ಏನ್ ಸಿಗ್ತೈತಿ ಅದು ಬಾಯಿಗೆ, ಆ ಕೇಕ್ ನೋಡಾಕ ಹಸರೋ ನೀಲೀನೋ ಚಾಕಲೇಟ್ ಇದ್ದಂಗ ಇರ್ತೈತಿ. ಅಂಗಡ್ಯಾಗ ಸಿಗೂ ಕೇಕಿನಾಗ ಹೆಚ್ಚಾಗಿ ಇರೂದು ಬ್ರೋಮಾಡಿಯೋಲೋನ್ ಅನ್ನೂದು, ಅದು ರಕ್ತ ಹೆಪ್ಪುಗಟ್ಟೂದನ್ನ ತಡೀತೈತಿ, ತಿಂದ ಇಲಿ ಒಳಗ ರಕ್ತ ಸೋರಿ ಮೂರ್ನಾಲ್ಕು ದಿನ ಬಿಟ್ಟು ಸಾಯ್ತೈತಿ. ಅದಕ್ಕ ವಿಟಮಿನ್ ಕೆ ಅಂತ ಮದ್ದಾದ್ರೂ ಐತಿ. ಇನ್ನೊಂದು ಟ್ಯೂಬಿನಾಗ ಬರೂ ಪೇಸ್ಟ್ ಇರ್ತೈತಲ್ಲ, ಹಳದಿ ರಂಜಕದ್ದು, ಅದಕ್ಕ ಮದ್ದ ಇಲ್ಲ, ತಿಂದವ್ರು ಒಂದೆರಡು ದಿನ ಆರಾಮ ಅದೀನಿ ಅಂತ ಓಡ್ಯಾಡ್ತಾರ ಆಮ್ಯಾಲೆ ಲಿವರ್ ಕೈಕೊಡ್ತೈತಿ. ಕರೀ ಪುಡಿ, ಜಿಂಕ್ ಫಾಸ್ಫೈಡ್, ಅದೂ ಹಂಗ, ಹೊಟ್ಟ್ಯಾಗ ಹೋದ ಕೂಡ್ಲೆ ಆಮ್ಲ ತಾಗಿ ವಿಷದ ಗಾಳಿ ಆಗ್ತೈತಿ. ಇವ್ಯಾವೂ ಕೂಸಿರೂ ಮನ್ಯಾಗ ಬ್ಯಾಡ. ಯಾವಾಗರ ಯಾರರ ಬಾಯಿಗೆ ಹೋತಂದ್ರ ಉಪ್ಪುನೀರು ಕುಡಿಸಿ ವಾಂತಿ ಮಾಡ್ಸಾಕ ಹೋಗಬ್ಯಾಡ್ರಿ, ಆ ಪ್ಯಾಕೆಟ್ ಕೈಯಾಗ ಹಿಡಕೊಂಡು ದವಾಖಾನಿಗೆ ಓಡ್ರಿ, ಪ್ಯಾಕೆಟ್ ನೋಡಿದ್ರ ಡಾಕ್ಟರಿಗೆ ಅರ್ಧಾ ಕೆಲಸ ಸಲೀಸ.

ಇನ್ನೊಂದು ಕಾರಣ ನಾಚಿಕಿ ಬಿಟ್ಟು ಹೇಳ್ತೀನಿ. ನಮ್ಮ ತಂಗಿ ಮದುವಿ ಎಂಟು ದಿನ ಇದ್ದಾಗ ನಾನೂ ಇದ ಕೇಕ್ ಇಟ್ಟಿದ್ದೆ, ಅಂಗಡಿಯಾಂವ "ಅಕ್ಕೋರ, ಇದನ್ನ ತಿಂದ ಇಲಿ ಹೊರಗ ಹೋಗಿ ಸಾಯ್ತೈತ್ರಿ, ನಾತ ಬರೂದಿಲ್ಲ" ಅಂದಿದ್ದ. ಹೊರಗ ಯಾಕ ಹೋಗ್ತೈತಿ, ಜಡ್ಡಾದ ಪ್ರಾಣಿ ತನ್ನ ಗೂಡಿಗೆ ಹೋಗ್ತೈತಿ. ದೇವರ ಮನಿ ಗ್ವಾಡ್ಯಾಗ ಸತ್ತು ಕುಂತಿತ್ತು. ಬೀಗರು ಬಂದು ಕುಂತಾರ, ನಾ ಊದಿನಕಡ್ಡಿ ಹಚ್ಚೇ ಹಚ್ಚೀನಿ, ಕಡೀಗೆ ಬೀಗಿತ್ತಿ "ಭಾಳ ದೇವರ ಭಕ್ತರದೀರಿ ಬಿಡ್ರಿ" ಅಂದ್ಳು.

ಇನ್ನ ಗಣಪ್ಪನ ವಾಹನದ ಮಾತು. ನಿಮ್ಮ ಅತ್ತಿ ಹೇಳೂದನ್ನ ನಾ ಹಗರ ಮಾಡೂದಿಲ್ಲ, ನಮ್ಮ ಕಡೆ ಚೌತಿ ಮರುದಿನ ಇಲಿವಾರ ಮಾಡ್ತಾರ, ಅವತ್ತ ಕತ್ರಿ ಮುಟ್ಟೂದಿಲ್ಲ, ವರ್ಷ ಪೂರ್ತಿ ನಮ್ಮ ಅರಬಿ ಕಡೀಬ್ಯಾಡಪ್ಪಾ ಅಂತ ಕೈ ಮುಗೀತಾರ. ಆದ್ರ ನೋಡು, ಕೈ ಮುಗದು ಕಡೀಬ್ಯಾಡ ಅಂತಾರ, ಒಳಗ ಬಂದು ಇರು ಅಂತ ಯಾರೂ ಅಂದಿಲ್ಲ. ಅತ್ತಿಗೆ ಹಿಂಗ ಹೇಳು: ಅತ್ತಿ, ಕೊಲ್ಲೂದಿಲ್ಲ, ಬರೂ ದಾರಿ ಮುಚ್ಚೂಣು. ಅವರು ಒಪ್ತಾರ, ಮತ್ತ ಅಸಲ ಕೆಲಸಾನೂ ಅದ. ಎಷ್ಟರ ಹಿಡಿ, ದಾರಿ ತೆರದಿದ್ರ ಬೋನಿನ ಕೆಲಸ ಬಾವಿ ತೋಡಿಧಂಗ, ತುಂಬಕೋತನ ಇರ್ತೈತಿ.

ಮೊದ್ಲ ದಾರಿ ಕಂಡ ಹಿಡಿ. ಇಲಿ ನಡು ಮನ್ಯಾಗ ಓಡೂದಿಲ್ಲ, ಗ್ವಾಡಿ ಗುಂಟ ಮೀಸಿ ತಾಗಿಸಿಕೋತ ಹೋಗ್ತೈತಿ, ದಿನಾ ಅದ ದಾರಿ. ರಾತ್ರಿ ಮಲಗೂ ಮುಂದ ಗ್ವಾಡಿ ಗುಂಟ ಸಣ್ಣಂಗ ರಂಗೋಲಿ ಪುಡಿ ಉದುರಿಸು, ಮುಂಜಾನೆ ಕಾಲಿನ ಗುರ್ತು ನೋಡು, ಎಲ್ಲಿಂದ ಬಂತು ಎಲ್ಲಿಗೆ ಹೋತು ಚೊಲೋತ್ನ್ಯಾಗಿ ಗೊತ್ತಾಗ್ತೈತಿ. (ಹಿಟ್ಟು ಉದುರಿಸಬ್ಯಾಡ, ಅದಕ್ಕ ಊಟ ಬಡಿಸಿಧಂಗ.) ಹಿಕ್ಕಿ ನೋಡು, ಅಕ್ಕಿಕಾಳಿನಷ್ಟು ಸಣ್ಣವು, ತುದಿ ಚೂಪ ಇದ್ರ ಸಣ್ಣ ಇಲಿ, ಅದರ ಎರಡು ಮೂರು ಪಟ್ಟು ದೊಡ್ಡವು ಇದ್ರ ಅದು ದೊಡ್ಡಿಲಿ, ಅದರ ಲೆಕ್ಕ ಬ್ಯಾರೆ. ಹಂಗ "ಒಂದು ಇಲಿ" ಅಂತ ಬರದೀಯಲ್ಲ, ಭಾಳ ಸಲ ಒಂದು ಇರೂದಿಲ್ಲವ್ವಾ. ಹೆಣ್ಣಿಲಿ 20 ದಿನಕ್ಕ ಹಡೀತೈತಿ, ಒಂದೊಂದು ಸಲಕ್ಕ ಐದು ಆರು ಮರಿ, ಆ ಮರಿ ಒಂದೂವರಿ ತಿಂಗಳಿಗೆ ತಾವ ಹಡಿಯಾಕ ತಯಾರ. ಹದಿನೈದು ದಿನ ಆತು ಅಂತೀ, ತಡಾ ಮಾಡಬ್ಯಾಡ.

ಕಿಂಡಿ ಎಷ್ಟು ದೊಡ್ಡದಿರಬೇಕು ಅಂದ್ರ ಮಂದಿ ಮುಷ್ಟಿ ತೋರಸ್ತಾರ. ಮಕ್ಕಳು ಬರಿಯೂ ಪೆನ್ಸಿಲ್ ತಗೊ, ಅದು ಹೋತಂದ್ರ ಸಣ್ಣ ಇಲೀನೂ ಹೋಗ್ತೈತಿ, 6 ಮಿಲಿಮೀಟರ್ ಸಾಕು, ತಲಿ ಹೋದ್ರ ಮೈ ಹೋಧಂಗ. ಜಂತಿ ಮನ್ಯಾಗ ಎಲ್ಲಿ ನೋಡಬೇಕಂದ್ರ: ತೊಲಿ ಗ್ವಾಡಿಗೆ ಕೂಡೂ ಜಾಗಾ, ಬೆಳಕಿಂಡಿ ಮಗ್ಗಲು, ಬಚ್ಚಲ ನೀರು ಹೋಗೂ ತೂತು, ಹೊಚ್ಚಲ ಕೆಳಗ ಬಾಗ್ಲಾ ಸವದಿರೂ ಸಂದಿ, ವೈರ್ ಒಳಗ ಬಂದ ಕಡೆ, ಗ್ಯಾಸಿನ ಪೈಪಿಗೆ ಕೊರದ ತೂತು. ಬಚ್ಚಲ ತೂತಿಗೆ ಕಬ್ಬಿಣದ ಜಾಳಿಗಿ ಕೂಡ್ಸು. ಉಳದ ಕಿಂಡಿಗೆ ಅರಬಿ ತುರುಕಿದ್ರ, ಥರ್ಮಾಕೋಲ್ ತುರುಕಿದ್ರ ಉಪಯೋಗಿಲ್ಲ, ಒಂದು ರಾತ್ರ್ಯಾಗ ಕಡೀತಾವ, ಅವುಗಳ ಮುಂದಿನ ಹಲ್ಲು ಸಾಯೂತನಕ ಬೆಳಕೋತನ ಇರ್ತಾವ, ಕಡೀದಿದ್ರ ಅವಕ್ಕ ನಡೆಯೂದಿಲ್ಲ. ಭಾಂಡೆ ತಿಕ್ಕೂ ಸ್ಟೀಲ್ ಸ್ಕ್ರಬ್ಬರ್ ನಾಲ್ಕು ತಂದು ಬಿಗ್ಯಾಗಿ ತುರುಕಿ ಮ್ಯಾಲೆ ಸಿಮೆಂಟ್ ಮೆತ್ತು, ಮಣ್ಣಿನ ಗ್ವಾಡಿ ಇದ್ರ ಒಡದ ಗಾಜಿನ ಚೂರು ಹಾಕಿ ಮಣ್ಣು ಮೆತ್ತೂದು ನಮ್ಮ ಹಿರೇರು ಮಾಡ್ತಿದ್ದದ್ದ, ಕೈ ಜ್ವಾಕಿ. ಮಾಲಕರನ್ನ ಕೇಳಿ ಮಾಡು, ರೊಕ್ಕ ಅವರ ಕೊಡಬೇಕು ಅನ್ನೂದು ನನ್ನ ಮತ, ಆದ್ರ ಕೊಡೂತನಕ ಕಾಯ್ಕೋತ ಕುಂದ್ರಬ್ಯಾಡ.

ಒಳಗ ಉಳದದ್ದನ್ನ ಹಿಡಿಯಾಕ ಬೋನು. ಒಂದಲ್ಲ, ಮೂರು ನಾಲ್ಕು ಇಡು. ಯಾಕಂದ್ರ ಸಣ್ಣ ಇಲಿ ಗೂಡಿನಿಂದ ಭಾಳ ದೂರ ಹೋಗೂದಿಲ್ಲ, ನಾಲ್ಕಾರು ಮೀಟರಿನಾಗ ಅದರ ಸಂಸಾರ. ಗ್ವಾಡಿಗೆ ಹಚ್ಚಿ, ಬೋನಿನ ಬಾಯಿ ಗ್ವಾಡಿ ಗುಂಟ ಬರೂ ಹಂಗ ಇಡು. ಕಾರ್ಟೂನಿನಾಗ ತೋರಿಸಿಧಂಗ ಚೀಸ್ ತರಾಕ ಹೋಗಬ್ಯಾಡ, ಇಲಿಗೆ ಶೇಂಗಾ ಅಂದ್ರ ಪ್ರಾಣ, ಹುರದ ಶೇಂಗಾ ಬೆಲ್ಲ ಕುಟ್ಟಿ ಉಂಡಿ ಮಾಡಿ ಕೊಕ್ಕಿಗೆ ದಾರದಿಂದ ಕಟ್ಟು, ಇಲ್ಲಾ ಒಣಕೊಬ್ಬರಿ ತುಣುಕು ಒಲಿ ಮ್ಯಾಲೆ ಕರ್ರಗ ಸುಟ್ಟು ಸಿಗಸು. ಮಿರ್ಚಿ ಭಜಿ ಇಟ್ಟು ಹಿಡದೀನಿ ಅಂತ ಬಾಗಲಕೋಟ್ಯಾಗ ಒಬ್ಬರು ಆಣಿ ಮಾಡಿ ಹೇಳ್ಯಾರ, ಬೋನಿನಾಗಿನ ಭಜಿ ಮುಂಜಾನೆ ತಾವ ತಿಂದ್ರೋ ಏನೋ ಕೇಳಿಲ್ಲ. ದೊಡ್ಡಿಲಿ ಹೊಸಾ ಸಾಮಾನು ಕಂಡ್ರ ನಾಲ್ಕು ದಿನ ಹತ್ರ ಬರೂದಿಲ್ಲ, ಸಣ್ಣ ಇಲಿ ಹಂಗಲ್ಲ, ಅದಕ್ಕ ಕುತೂಹಲ ಭಾಳ, ಮೊದಲನೇ ರಾತ್ರಿನ ಮೂಸಾಕ ಬರ್ತೈತಿ. ಎರಡು ಮೂರು ದಿನ ಬೀಳಲಿಲ್ಲಂದ್ರ ಬೋನು ಕೆಟ್ಟದ್ದಲ್ಲ, ಜಾಗಾ ತಪ್ಪಿರ್ತೈತಿ.

ಅಂಟಿನ ಹಲಗಿ ಮಾತ್ರ ತರಬ್ಯಾಡ. ಸೋವಿ ಅಂತ ಎಲ್ಲಾರೂ ತರ್ತಾರ, ಅದರಾಗ ಸಿಕ್ಕ ಇಲಿ ರಾತ್ರಿ ಪೂರ್ತಿ ಚೀರಿಕೋತ ತನ್ನ ಕಾಲ ತಾನ ಕಡಕೊಂಡು ಸಾಯ್ತೈತಿ. ದೇಶದ ಪ್ರಾಣಿ ಕಲ್ಯಾಣ ಮಂಡಳಿನೂ ಇದು ಬ್ಯಾಡ ಅಂತ ರಾಜ್ಯಗಳಿಗೆ ಬರದೈತಿ. ಮಂಡಳಿ ಬರೀಲಿಲ್ಲಂದ್ರೂ, ಕೂಸಿನ ಮುಂದ ಅದನ್ನ ಹೆಂಗ ತೋರಸ್ತೀ.

ಹಿಕ್ಕಿ ಬಳಿಯೂದು ಒಂದು ಹೇಳಬೇಕು, ಇದನ್ನ ಎಲ್ಲಾರೂ ತಪ್ಪು ಮಾಡ್ತಾರ. ಒಣಾ ಹಿಕ್ಕಿ ಕಸಬರಿಗಿಲೆ ಗುಡಿಸಿದ್ರ ಧೂಳ ಎದ್ದು ಮೂಗಿನಾಗ ಹೋಗ್ತೈತಿ. ಕಿಡಕಿ ತಗದು ಅರ್ಧಾ ತಾಸು ಬಿಡು, ಒಂದು ಪಾಲು ಬ್ಲೀಚ್ ದ್ರಾವಣಕ್ಕ ಹತ್ತು ಪಾಲು ನೀರು ಹಾಕಿ ಅದರ ಮ್ಯಾಲೆ ಸಿಂಪಡಿಸು, ಹತ್ತು ನಿಮಿಷ ನೆನೀಲಿ, ಆಮ್ಯಾಲೆ ಹಳೇ ಪೇಪರಿನಿಂದ ಒರಸಿ ತಗದು ಸುಡು, ಕೈಗೆ ಗ್ಲೌಸ್ ಇರ್ಲಿ. ಇಲಿ ಉಚ್ಚಿಯಿಂದ ಇಲಿಜ್ವರ ಬರೂದು ಗೊತ್ತೈತಲ್ಲ, ಕೈ ಕಾಲಿಗೆ ಗಾಯ ಇದ್ದವ್ರು ಈ ಕೆಲಸಕ್ಕ ಇಳೀಬಾರ್ದು.

ಸೀರಿ ಒಗೀಬ್ಯಾಡ. ಇಳಕಲ್ಲದಾಗ, ಬಾಗಲಕೋಟ್ಯಾಗ ರಫು ಮಾಡವ್ರು ಸಿಗ್ತಾರ, ಸೆರಗಿನ ರೇಶ್ಮಿ ಬಣ್ಣ ಕೂಡಿಸಿ ಕಾಣಲಾರದಂಗ ಮಾಡಿ ಕೊಡ್ತಾರ. ಇಲಿ ಅದನ್ನ ತಿನ್ನಾಕ ಕಡದಿದ್ದಲ್ಲ, ಮರಿ ಹಾಕಾಕ ಮೆತ್ತಗಿನ ಹಾಸಿಗಿ ಬೇಕಾಗಿತ್ತು. ಅಂದ್ರ ಅದೂ ಒಂದು ಕುಬಸದ ಸೀರಿನ ಆತು, ಸಿಟ್ಟ ಆಗಬ್ಯಾಡ. ಆದ್ರ ಅದರ ಅರ್ಥ ಗೂಡು ಆ ಕಪಾಟಿನ ಹತ್ರನ ಐತಿ, ಹಿಂದ ಕೈ ಹಾಕಬ್ಯಾಡ, ಕಪಾಟ ಸರಿಸಿ ಬ್ಯಾಟರಿ ಬಿಟ್ಟು ನೋಡು.

ತಾಯಿ ಮಗನ ಮಾತಿನ ಸಮಸ್ಯಾ ನನ್ನ ಕೈಯಾಗಿಲ್ಲ. ಸ್ಕ್ರಬ್ಬರ್ ತುರುಕೂ ಕೆಲಸಾ ನಿಮ್ಮವ್ರಿಗೆ ಹಚ್ಚು, ಉಂಡಿ ಕಟ್ಟೂದು ಅತ್ತಿಗೆ.

ಅಕ್ಕೋರ, ಮನ್ಯಾಗ ಕುಣಿಮಗ್ಗ ಐತ್ರಿ, ಖಣ ನೇಯ್ತೀವಿ. ರಾತ್ರಿ ಬಿಟ್ಟ ಹಾಸು (ಮಗ್ಗಕ್ಕ ಉದ್ದಕ ಕಟ್ಟಿದ ನೂಲು) ಮುಂಜಾನೆ ನೋಡಿದ್ರ ನಡು ನಡು ಎಳಿ ಕಡದಿರ್ತಾವ. ಕಟ್ಟಿಕೋತ ಕುಂತ್ರ ಅರ್ಧಾ ದಿನ ಹೋಗ್ತೈತಿ.
— ನೇಕಾರ, ಗುಳೇದಗುಡ್ಡ

ಅಣ್ಣಾರ, ನಿಮ್ಮ ಹಾಸಿನ ನೂಲಿಗೆ ಗಂಜಿ ಕುಡಿಸಿರ್ತೀರಿ, ಇಲಿಗೆ ಅದು ಅನ್ನದ ತಾಟು. ಅದನ್ನ ಕಡೀಬ್ಯಾಡ ಅಂದ್ರ ಕೇಳೂದಿಲ್ಲ. ಕೆಲಸ ಬಿಡೂ ಮುಂದ ಹಾಸಿನ ಮ್ಯಾಲೆ ಅರಬಿ ಹೊಚ್ಚಿದ್ರ ಸಾಲೂದಿಲ್ಲ, ಅದರ ಕೆಳಗ ಇನ್ನೂ ಬೆಚ್ಚಗ ಕುಂತು ತಿಂತೈತಿ. ಮಗ್ಗದ ಕಾಲಿನ ಕಂಬ ಹತ್ತಿ ಬರೂ ದಾರಿಗೆ ನಯಸ್ಸಾದ ತಗಡು ಒಂದು ಮೊಳ ಸುತ್ರಿ, ಅದರ ಮ್ಯಾಲೆ ಕಾಲು ಜಾರ್ತಾವ. ಹಾಸು ಗ್ವಾಡಿಗೆ ತಾಗೂ ಕಡೆ ಒಂದು ಗೇಣು ಜಾಗಾ ಬಿಡ್ರಿ. ನೂಲಿನ ಲಡಿ ಗ್ವಾಡಿ ಗೂಟಕ್ಕ ಹಾಕೂದು ಬಿಟ್ಟು ನಡುವ ತಂತಿ ಕಟ್ಟಿ ತೂಗಬಿಡ್ರಿ. ಗಂಜಿ ಪಾತ್ರಿ ರಾತ್ರಿ ಮಗ್ಗದ ಕ್ವಾಣ್ಯಾಗ ಬಿಡಬ್ಯಾಡ್ರಿ.

ಮತ್ತ ಕಾಲಿಡೂ ತೆಗ್ಗು. ಎಲ್ಲಾರೂ ಗ್ವಾಡಿ ನೋಡ್ತಾರ, ತೆಗ್ಗಿನ ಮಗ್ಗಲಿನ ಮಣ್ಣು ಯಾರೂ ನೋಡೂದಿಲ್ಲ, ಬಿಲ ಇರೂದು ಅಲ್ಲೆ. ಒಂದು ದಿನ ಮಗ್ಗ ನಿಲ್ಲಿಸಿ ತೆಗ್ಗಿನ ಒಳಗ ನಾಲ್ಕೂ ಕಡೆ ಫರಶಿ ಕೂಡ್ಸಿ ಸಂದಿಗೆ ಸಿಮೆಂಟ್ ಹಾಕಿಸ್ರಿ. ಗುಳೇದಗುಡ್ಡದಾಗ ಫರಶಿಗೆ ಏನು ಬರಾ ಐತಿ? ಒಂದು ದಿನದ ಕೂಲಿ ಹೋಗ್ತೈತಿ ಖರೆ, ಅರ್ಧರ್ಧ ದಿನ ಎಳಿ ಕಟ್ಟಿದ್ದನ್ನ ಲೆಕ್ಕಾ ಹಾಕ್ರಿ.

ಅಕ್ಕೋರೆ, ಮನಿ ಹಿಂದಿನ ಖೋಲ್ಯಾಗ 30 ಚೀಲ ಮಾಲ್ದಂಡಿ ಜೋಳ ಇಟ್ಟೀವಿ, ರೇಟ್ ಬರೂತನಕ ಮಾರೂದಿಲ್ಲ. ಇಲಿ ಚೀಲ ಕೊರದು ಹಾಕ್ಲಿಕ್ಕತ್ತಾವ. ಗೆಳೆಯಾ ಒಬ್ಬಾಂವ ಚೀಲದ ನಡು ಇಡೂ ಗುಳಿಗಿ ಕೊಡ್ತೀನಿ, ಹುಳಾನೂ ಸಾಯ್ತಾವ ಇಲೀನೂ ಸಾಯ್ತಾವ ಅಂದಾನ. ಬಾಜೂ ಖೋಲ್ಯಾಗ ಮಕ್ಕಳು ಮಲಗ್ತಾರ, ಏನೂ ಆಗಂಗಿಲ್ಲಲ್ಲ?
— ರೈತ, ವಿಜಯಪುರ ತಾಲೂಕು

ಇಡಬ್ಯಾಡ್ರಿ. ಇಟ್ಟಿದ್ರ ಈಗಿಂದೀಗ ಮಕ್ಕಳನ್ನ ಕರಕೊಂಡು ಮನಿ ಬಿಟ್ಟು ಹೊರಗ ಬರ್ರಿ, ಬಾಗ್ಲಾ ಕಿಡಕಿ ತೆರದಿಟ್ಟು ಬರ್ರಿ, ನೀವಾಗಿ ಗುಳಿಗಿ ಆರಸಾಕ ಹೋಗಬ್ಯಾಡ್ರಿ.

ಅದು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗಿ. ಗಾಳ್ಯಾಗಿನ ಹಸಿ ತಾಗಿದ್ರ ಸಾಕು ಫಾಸ್ಫೀನ್ ಅನ್ನೂ ಗಾಳಿ ಬಿಡ್ತೈತಿ, ಆ ಗಾಳಿ ಬಾಗಲ ಸಂದಿ, ಗ್ವಾಡಿ ಬಿರುಕು ದಾಟಿ ಬಾಜೂ ಖೋಲಿಗೆ ಬರ್ತೈತಿ, ಮಲಗಿದವ್ರು ಮಲಗಿಧಂಗ ಹೋಗ್ತಾರ. ಹಿಂಗಾದ ಮನಿ ಸುದ್ದಿ ಪೇಪರಿನಾಗ ಮತ್ತ ಮತ್ತ ಓದೀನಿ, ಎಲ್ಲಾ ಕಡೆ ಒಂದ ಕಥಿ, ಕಾಳು ಉಳಿಸಾಕ ಇಟ್ಟಿದ್ರು. ತರಬೇತಿ ಆದವ್ರು ಗೋದಾಮಿನಾಗ ತಾಡಪತ್ರಿ ಹಾಕಿ ಸೀಲ್ ಮಾಡಿ ಮಾಡೂ ಕೆಲಸ ಅದು. ನಿಮ್ಮ ಗೆಳೆಯಾಗೂ ಹೇಳ್ರಿ, ಸಿಟ್ಟಾದ್ರ ಆಗ್ಲಿ.

ಚೀಲಕ್ಕ ಬ್ಯಾರೆ ದಾರಿ ಐತಿ. ಈಗ ನೆಲದ ಮ್ಯಾಲೆ ಗ್ವಾಡಿಗೆ ಆನಿಸಿ ಒಟ್ಟಿರಬೇಕು ನೀವು, ಎಲ್ಲಾರೂ ಹಂಗ ಒಟ್ತಾರ. ಕಟಗಿ ಹಲಗಿ ಹಾಕಿ ಅದರ ಮ್ಯಾಲೆ ಒಟ್ರಿ, ಗ್ವಾಡಿಯಿಂದ ಒಂದೂವರಿ ಫೂಟ್ ಬಿಟ್ಟು, ಮನಶ್ಯಾ ಅಡ್ಡಡ್ಡ ಹಾದು ಹೋಗುವಷ್ಟು. ಇಲಿಗೆ ಬೇಕಾದ್ದು ಕತ್ತಲಿ ಸಂದಿ, ಸಂದಿ ಇಲ್ಲಂದ್ರ ಗೂಡಿಲ್ಲ, ಬೆಕ್ಕೂ ಸುತ್ತ ಹಾಕಾಕ ಬರ್ತೈತಿ. ಮನಿ ಖರ್ಚಿನ ಜೋಳ ತಗಡಿನ ಡ್ರಮ್ಮಿನಾಗ ಹಾಕಿ ಮುಚ್ಚಳ ಬಿಗೀರಿ. ಬಾಗಲ ಕೆಳಗ ಒಂದು ಗೇಣು ಎತ್ತರ ತಗಡು ಹೊಡಸ್ರಿ. ಖೋಲಿ ಹಿಂದ ಕಣಕಿ ಬಣವಿ ಹಚ್ಚಿ ಒಟ್ಟಿದ್ರ ಸರಸ್ರಿ, ಇಲಿ ಇದ್ದಲ್ಲಿ ಹಾಂವ ಬರ್ತಾವ, ನಮ್ಮ ಕಡೆ ಹಾಂವ ಕಡದ ಭಾಳ ಪ್ರಕರಣ ಇಂಥಾ ಬಣವಿ ಹತ್ರನ ಆಗಿರ್ತಾವ. ಗೂಗಿ ಬಂದು ಮಾಳಗಿ ಮ್ಯಾಲೆ ಕುಂತ್ರ ಅಪಶಕುನ ಅಂತ ಕಲ್ಲು ಒಗೀಬ್ಯಾಡ್ರಿ, ಅದು ಬಂದದ್ದು ನಿಮ್ಮ ಇಲಿಗೆ.

ನಮ್ಮ ಅಜ್ಜಾರ ಕಾಲಕ್ಕ ಹಗೇವು ಇದ್ವಲ್ರಿ, ನೆಲದಾಗ ತೋಡಿ ಬಾಯಿಗೆ ಕಲ್ಲ ಮುಚ್ಚಿ ಮಣ್ಣ ಮೆತ್ತಿ ಇಡ್ತಿದ್ರು. ಒಳಗ ಕಾಳ ತಾನ ಉಸರಾಡಿ ಇದ್ದ ಪ್ರಾಣವಾಯು ಎಲ್ಲಾ ಮುಗಸಿಬಿಡ್ತಿತ್ತು, ಹುಳಾನೂ ಬದುಕೂದಿಲ್ಲ ಇಲೀನೂ ಬದುಕೂದಿಲ್ಲ, ಯಾವ ಗುಳಿಗಿನೂ ಇದ್ದಿಲ್ಲ. ಹಂಗಂತ ಬಾಯಿ ತಗದ ಕೂಡ್ಲೆ ಇಳೀತಿದ್ದಿಲ್ಲ, ಗಾಳಿ ಆಡಾಕ ಬಿಟ್ಟು, ಹಗ್ಗಕ್ಕ ದೀಪಾ ಕಟ್ಟಿ ಇಳಿಸಿ, ದೀಪ ಆರಲಿಲ್ಲಂದ್ರ ಮನಶ್ಯಾ ಇಳೀತಿದ್ದ. ಗಾಳಿ ಕೊಲ್ತೈತಿ ಅನ್ನೂದು ಅವರಿಗೆ ಗೊತ್ತಿತ್ತು.

ಮೇಡಂ, ನಾವು ನಾಲ್ಕು ಹುಡುಗುರು ಬೆಳಗಾವ್ಯಾಗ ಟಿಳಕವಾಡಿ ಕಡೆ ರೂಮ್ ಮಾಡಿ ಓದ್ತೀವಿ. ಬೋನಿನಾಗ ಇಲಿ ಬಿತ್ತು, ಕೊಲ್ಲಾಕ ಮನಸಾಗ್ಲಿಲ್ಲ, ಹಿಂದಿನ ಓಣ್ಯಾಗ ಬಿಟ್ಟು ಬಂದ್ವಿ. ಎರಡು ದಿನಕ್ಕ ಮತ್ತೊಂದು ಬಿತ್ತು. ನಮ್ಮ ರೂಮ್‌ಮೇಟ್ ಇದು ಅದ ಇಲಿ ಅಂತಾನ. ಹೌದೇನ್ರಿ?
— ವಿದ್ಯಾರ್ಥಿ, ಬೆಳಗಾವಿ

ಆಗಬಹುದಪ್ಪಾ, ಹಿಂದಿನ ಓಣಿ ಅಂದ್ರ ಅದಕ್ಕ ದೂರ ಏನಲ್ಲ, ದಾರಿ ಹುಡುಕ್ಕೊಂಡು ಬರ್ತೈತಿ. ಗುರ್ತು ಹಿಡೀಬೇಕಂದ್ರ ಮುಂದಿನ ಸಲ ಬಾಲಕ್ಕ ಸ್ಕೆಚ್ ಪೆನ್ನಿನ ಗೀಟು ಹಾಕಿ ಬಿಡು, ಗ್ಲೌಸ್ ಹಾಕ್ಕೊಂಡು, ಪಂಜರದ ಹೊರಗಿಂದ. ಇನ್ನೊಂದು ಮನಿ ಇಲ್ಲದ ಕಡೆ, ಕಿಲೋಮೀಟರ್‌ಗಿಂತ ದೂರ, ಗಿಡ ಕಂಟಿ ಇರೂ ಜಾಗಾದಾಗ ಬಿಡಬೇಕು. ಮನ್ಯಾಗ ಬೆಳದ ಇಲಿ ಅಲ್ಲಿ ಭಾಳ ದಿನ ಬದುಕೂದಿಲ್ಲ, ಅದೂ ಗೊತ್ತಿರ್ಲಿ ನಿಮಗ, ಪುಣ್ಯಾ ಮಾಡಿದ್ವಿ ಅಂತ ಭಾಳ ಉಬ್ಬಬ್ಯಾಡ್ರಿ. ಬೋನು ಇಟ್ಟು ಊರಿಗೆ ಹೋಗೂದಂತೂ ಮಾಡಲೇಬ್ಯಾಡ್ರಿ, ಒಳಗ ಸಿಕ್ಕದ್ದು ನೀರಿಲ್ದ ಹೆದರಿನ ಸಾಯ್ತೈತಿ, ಮುಂಜಾನೆ ಸಂಜಿಕೆ ಎರಡೂ ಹೊತ್ತು ನೋಡಬೇಕು.

ಮತ್ತ ನಾಲ್ಕು ಹುಡುಗುರ ರೂಮ್ ಅಂದ್ರ ನನಗ ಗೊತ್ತಿಲ್ಲೇನು, ಮಂಚದ ಕೆಳಗ ಅವ್ವ ಕಳಿಸಿದ ಚಕ್ಕುಲಿ ಡಬ್ಬಿ, ಬಾಯಿ ತೆರದ ಕುಂದಾ ಬಾಕ್ಸ್, ಕಟಕ ರೊಟ್ಟಿ ಗಂಟು. ಆ ಇಲಿಗೆ ದಿನಕ್ಕ ಬೇಕಾದ್ದು ಮೂರು ಗ್ರಾಂ. ಸ್ಟೀಲ್ ಡಬ್ಬಿಗೆ ಹಾಕ್ರಿ ಎಲ್ಲಾನೂ.

ಪ್ಲಗ್ಗಿಗೆ ಹಾಕಿದ್ರ ಕಿವಿಗೆ ಕೇಳಲಾರದ ಸಪ್ಪಳ ಮಾಡಿ ಇಲಿ ಓಡಸೂ ಮಶೀನ್ ಆನ್‌ಲೈನ್‌ನಾಗ ಬಂದೈತಿ, ತಗೋಲಿ? ಡಾಂಬರ ಗುಳಿಗಿ ಇಟ್ರ ಹೋಗ್ತಾವ?
— ಗೃಹಿಣಿ, ನವನಗರ, ಬಾಗಲಕೋಟ

ಎರಡೂ ಬ್ಯಾಡ್ರಿ. ಮಶೀನಿನ ಸಪ್ಪಳ ಕಪಾಟ, ಸೋಫಾ ಅಡ್ಡ ಬಂದ್ರ ಅಲ್ಲೇ ನಿಲ್ತೈತಿ, ಮತ್ತ ಇಲಿಗೆ ನಾಲ್ಕು ದಿನದಾಗ ರೂಢಿ ಆಗ್ತೈತಿ, ನಮಗ ಬಾಜೂ ಮನಿ ಟಿವಿ ರೂಢಿ ಆಗಿಲ್ಲೇನು ಹಂಗ. ಡಾಂಬರ ಗುಳಿಗಿ ಇಲಿಗಿಂತ ಮೊದ್ಲ ಮಕ್ಕಳ ಬಾಯಿಗೆ ಹೋಗ್ತೈತಿ. ನಿಮ್ಮಲ್ಲಿ ಮನಿ ಹೊಸಾವು, ಗ್ವಾಡಿ ಗಟ್ಟಿ, ಅಂದ್ರ ಬರೂದು ಪೈಪಿನ ಸಂದಿಯಿಂದ, ಸಿಂಕ್ ಕೆಳಗ ಕುಂತು ನೋಡ್ರಿ. ಫ್ರಿಡ್ಜ್ ಹಿಂದ ನೋಡೂದು ಮರೀಬ್ಯಾಡ್ರಿ, ಅಲ್ಲಿ ಬೆಚ್ಚಗೂ ಇರ್ತೈತಿ, ತಟ್ಟ್ಯಾಗ ನೀರೂ ಇರ್ತೈತಿ. ಪ್ಲಗ್ ತಗದು ಸರಸ್ರಿ, ವೈರ್ ಕಡದಿದ್ರ ಶಾಕ್ ಹೊಡೀತೈತಿ.

ಅಕ್ಕೋರ, ನಮ್ಮ ಮನ್ಯಾಗಿನ ಇಲಿ ವಿಚಿತ್ರ ಐತ್ರಿ. ಮೂತಿ ಉದ್ದ, ಚಿಟ್ ಚಿಟ್ ಅಂತೈತಿ, ಕೆಟ್ಟ ನಾತ, ಕಾಳು ಕಡ್ಡಿ ಏನೂ ಮುಟ್ಟೂದಿಲ್ಲ, ಬೋನಿನಾಗಿನ ಕೊಬ್ಬರಿ ಕಡೆ ಹೊಳ್ಳಿ ನೋಡೂದಿಲ್ಲ.
— ಗೋಕಾಕ ತಾಲೂಕಿನಿಂದ

ಅದು ಇಲೀನ ಅಲ್ರಿ, ಸೊಂಡಿಲಿ. ಹೆಸರಿನಾಗ ಇಲಿ ಐತಿ ಅಷ್ಟ, ಜಾತಿ ಬ್ಯಾರೆ. ಅರಬಿ ಕಡಿಯೂದಿಲ್ಲ, ಜಿರಳಿ, ಹುಳಾ ಹುಪ್ಪಡಿ ಹುಡುಕಿ ತಿಂತೈತಿ, ಕಣ್ಣು ಸರಿ ಕಾಣೂದಿಲ್ಲ ಅದಕ್ಕ, ವಾಸನಿ ಹಿಡದು ಗ್ವಾಡಿ ಗುಂಟ ಹೋಗ್ತಿರ್ತೈತಿ. ಬಡಗಿ ತಗೊಂಡು ಬೆನ್ನ ಹತ್ತಬ್ಯಾಡ್ರಿ, ಹೆದರಿದ್ರ ನಾತ ಇನ್ನೂ ಜೋರ ಬಿಡ್ತೈತಿ. ಸಂಜಿಕೆ ಹೊರಗಿನ ಲೈಟ್ ಆರಿಸಿ, ಬಾಗ್ಲಾ ಒಂದು ಗೇಣು ತಗದು, ಗ್ವಾಡಿ ಗುಂಟ ಇರೂ ಚಪ್ಪಲಿ, ಕೊಡಾ ಎಲ್ಲಾ ಸರಿಸಿ ದಾರಿ ಮಾಡಿಕೊಡ್ರಿ, ತಾನ ಹೋಗ್ತೈತಿ.